ಹತ್ತು ಬಿರಡೆಗಳ ಲೆಕ್ಕ

ಕಾಲೇಜಿನಲ್ಲಿ ಪ್ರಿನ್ಸಿಪಾಲರ ಹೆಸರೇನು ಎಂದು ಕೇಳಿದರೆ ಅರ್ಧ ಹುಡುಗರು ತಲೆ ಕೆರೆದುಕೊಳ್ಳುತ್ತಿದ್ದರು. ಪಾಯಿಂಟ್‌ಒನ್ ಮಾಮ ಎಲ್ಲಿ ಎಂದು ಕೇಳಿ ನೋಡಿ, ಗೇಟಿನ ಕಾವಲುಗಾರನಿಂದ ಹಿಡಿದು ಕ್ಯಾಂಟೀನಿನವನವರೆಗೆ ಎಲ್ಲರೂ ಕೈ ತೋರಿಸುವವರೇ. "ಎರಡನೇ ಮಹಡಿಗೆ ಹೋಗಿ, ಮೂಗು ಎಲ್ಲಿ ಉರಿಯುತ್ತೋ ಅಲ್ಲಿ ನಿಂತ್ಕೊಳ್ಳಿ, ಅವನೇ ಬಂದು ಮಾತಾಡಿಸ್ತಾನೆ."

ಅವನು ಕೆಮಿಸ್ಟ್ರಿ ಲ್ಯಾಬಿನ ಅಟೆಂಡರು. ದೊಡ್ಡ ಹುದ್ದೆಯೇನಲ್ಲ. ಬೀಗ ತೆಗೆಯಬೇಕು, ಟೇಬಲ್ ಒರೆಸಬೇಕು, ಹುಡುಗರು ಒಡೆದ ಗಾಜು ಆಯಬೇಕು, ಅವರ ಪ್ರಯೋಗಕ್ಕೆ ಬೇಕಾದ ದ್ರಾವಣ ಮಾಡಿಡಬೇಕು. ಈ ಕೊನೆಯ ಕೆಲಸದಲ್ಲೇ ಅವನಿಗೆ ಆ ಅಡ್ಡಹೆಸರು ಬಂದದ್ದು. ಅವನ ಆಸಿಡ್ ಕ್ಯಾನಿನ ಮೇಲೆ 0.1 ಎಂದು ಬರೆದಿದ್ದರೆ ಅದು ಪಾಯಿಂಟ್ ಒನ್ನೇ. ಪಾಠ ಮಾಡುವವರು ಮೊಲಾರಿಟಿಯ ಬಗ್ಗೆ ಬೋರ್ಡು ತುಂಬ ಬರೆದು ಹೋದ ಮೇಲೆ, ಅರ್ಥವಾಗದ ಹುಡುಗರು ಇವನ ಬಳಿ ಬರುತ್ತಿದ್ದರು. ಹತ್ತನೇ ಕ್ಲಾಸು ದಾಟದ ಮನುಷ್ಯ ಪೊರಕೆ ಮೂಲೆಗಿಟ್ಟು ಹೇಳುತ್ತಿದ್ದ:

"ಒಂದು ಲೀಟರಲ್ಲಿ ಎಷ್ಟು ಮೋಲ್ ಇದೆ ಅಂತ ಕೇಳಿದ್ರೆ, ಅದೇ ಕಣ್ರೋ ಮೊಲಾರಿಟಿ. ಒಂದು ಮೊಲಾರ್ ಆಸಿಡ್ ಒಂದು ಲೀಟರ್ ತಗೊಂಡು, ನೀರು ಬೆರೆಸಿ ಒಟ್ಟು ಹತ್ತು ಲೀಟರ್ ಮಾಡು, ಪಾಯಿಂಟ್ ಒನ್ ಆಯ್ತು. ಮೊದಲಿನ ಗಟ್ಟಿತನ, ಮೊದಲಿನ ಅಳತೆ ಗುಣಿಸು. ಆಮೇಲಿನ ಗಟ್ಟಿತನ, ಆಮೇಲಿನ ಅಳತೆ ಗುಣಿಸು. ಎರಡೂ ಒಂದೇ ಬರುತ್ತೆ. ನೀರು ಹೊಯ್ದ್ರೆ ತೆಳ್ಳಗಾಗುತ್ತೆ ಅಷ್ಟೇ, ಒಳಗೆ ಇದ್ದದ್ದು ಎಲ್ಲಿಗೂ ಓಡಿಹೋಗಲ್ಲ."

ಇಷ್ಟು ಹೇಳಿ ಮೀಸೆಯಲ್ಲೇ ನಗುತ್ತಿದ್ದ. ಆದರೆ ಹೆಸರೆಲ್ಲ ಅವನಿಗೆ ಬಂದಿತ್ತೇ ಹೊರತು ಅರ್ಧ ಕೆಲಸ ಅವನದಲ್ಲ. ಅರ್ಧವೆಲ್ಲಿ ಬಂತು, ಹತ್ತರಲ್ಲಿ ಒಂಬತ್ತು ಪಾಲು ಅವನ ಹೆಂಡತಿಯದು.

ಹೆಂಡತಿಯನ್ನು ಹುಡುಗರು ಬಿರಡೆಯಮ್ಮ ಎನ್ನುತ್ತಿದ್ದರು. ಮಗಳನ್ನು ಶಾಲೆಗೆ ಸೇರಿಸಿದ ವರ್ಷ ಅವಳೂ ಅದೇ ಲ್ಯಾಬಿಗೆ ಗಾಜು ತೊಳೆಯುವ ಕೆಲಸಕ್ಕೆ ಸೇರಿದಳು. ಓದು ಬರಹ ಇಲ್ಲ. ಇಪ್ಪತ್ತರ ಆಚೆಗೆ ಎಣಿಸುವುದೂ ಅನುಮಾನ. ಆದರೆ ಕೈ ಮಾತ್ರ, ಅಬ್ಬಾ! ಲೀಟರ್ ಫ್ಲಾಸ್ಕಿನ ಕುತ್ತಿಗೆಯ ಗೆರೆಗೆ ನೀರಿನ ಮೇಲ್ಮೈಯ ಬಾಗಿದ ತಳ ಮುಟ್ಟಿಸಿ ನಿಲ್ಲಿಸಿದಳೆಂದರೆ ಒಂದು ಹನಿ ಆಚೆ ಈಚೆ ಆಗುತ್ತಿರಲಿಲ್ಲ. ಅದನ್ನು ನೋಡಿಯೇ ಮಾಮ ಒಂದು ದಿನ ಹೇಳಿದ, ನೀರು ಹೊಯ್ಯುವ ಕೆಲಸ ಇನ್ನು ಮೇಲೆ ನಿನ್ನದು.

"ಒಂದಕ್ಕೆ ಹತ್ತು ಅಂದ್ರಲ್ಲ. ಹಂಗಾದ್ರೆ ಹತ್ತು ಫ್ಲಾಸ್ಕ್ ನೀರು ತಾನೆ?" ಎಂದು ಅವಳು ಮೊದಲ ದಿನವೇ ಕೇಳಿದ್ದಳು.

"ಅಯ್ಯೋ ನಿನ್ನ! ಒಟ್ಟು ಹತ್ತು ಕಣೇ. ನಾನು ಹಾಕಿದ ಒಂದು ಲೀಟರ್ ಏನಾಯ್ತು? ನನ್ನನ್ನೂ ಲೆಕ್ಕಕ್ಕೆ ಹಿಡಿ. ನಾನೇನು ಹೊರಗಿನವನಾ?"

ಅವಳು ನಕ್ಕಿದ್ದಳು. ಆಮೇಲೆ ಹತ್ತೊಂಬತ್ತು ವರ್ಷ ಆ ಪ್ರಶ್ನೆ ಮತ್ತೆ ಬರಲಿಲ್ಲ.

ಅವರ ಪದ್ಧತಿ ಹೀಗಿತ್ತು. ಹೊಗೆಯಾಡುವ ಗಟ್ಟಿ ಆಸಿಡ್‌ನಿಂದ ಒಂದು ಮೊಲಾರಿನದನ್ನು ಮಾಡುವುದು ಮಾಮನ ಪಾಲು. ಅದು ಮುಗಿಯುವ ಹೊತ್ತಿಗೆ ಅವನಿಗೆ ಕೆಮ್ಮು ಹತ್ತಿಕೊಂಡಿರುತ್ತಿತ್ತು. ಒಂದು ಲೀಟರ್ ಅಳೆದು ದೊಡ್ಡ ಕ್ಯಾನಿಗೆ ಸುರಿದು, ಎದೆ ಹಿಡಿದುಕೊಂಡು ಹೊರಗೆ ಓಡುತ್ತಿದ್ದ. ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಎಣಿಸುವಾಗ ಯಾರೂ ಮಾತಾಡಿಸಬಾರದು, ಅದು ಅವಳ ಕಾನೂನು. ವಿಭಾಗದ ಮುಖ್ಯಸ್ಥರಾದ ಹೆಡ್ ಸಾರ್ ಬಂದು ಬಾಗಿಲು ತಟ್ಟಿದರೂ ಒಳಗಿನಿಂದ ಹ್ಞೂಂ ಇಲ್ಲ, ಉಹ್ಞೂಂ ಇಲ್ಲ. ಹಳೇ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಬಾಟಲಿಯ ಬಿರಡೆಗಳನ್ನು ಇಟ್ಟುಕೊಂಡಿದ್ದಳು. ಒಂದು ಲೀಟರಿಗೆ ಒಂದು ಬಿರಡೆ ಟೇಬಲ್ಲಿನ ಮೇಲೆ ಇಡುವುದು, ಲೆಕ್ಕ ತಪ್ಪದಿರಲಿ ಎಂದು. ಅವಳು ಅದನ್ನು ಇಡುವ ಬಗೆಯನ್ನು ಮಾಮ ಕಣ್ಣಾರೆ ನೋಡಿರಲಿಲ್ಲ. ವರಾಂಡದಲ್ಲಿ ಕೆಮ್ಮುತ್ತ ನಿಂತವನಿಗೆ, "ಆಯ್ತು ಬನ್ನಿ ರೀ" ಎಂಬ ಕೂಗು ಕೇಳಿದರೆ ಮುಗಿಯಿತು. ಒಳಗೆ ಹೋಗಿ ಚೀಟಿ ಅಂಟಿಸುತ್ತಿದ್ದ.

ಅದು ಎಷ್ಟು ನಿಖರವಾಗಿರುತ್ತಿತ್ತೆಂದರೆ, ಆ ಲ್ಯಾಬಿನವರು ಸೋಮಾರಿಗಳಾಗಿಬಿಟ್ಟರು. ಬೇರೆ ಕಡೆ ದ್ರಾವಣ ಮಾಡಿದ ಮೇಲೆ ಒಬ್ಬರು ಪರೀಕ್ಷಿಸಿ ನೋಡುತ್ತಾರೆ. ಇಲ್ಲಿ ಯಾರೂ ನೋಡುತ್ತಿರಲಿಲ್ಲ. ವರ್ಷಾ ವರ್ಷಾ ಪರೀಕ್ಷೆಯಲ್ಲೂ ಅದೇ ಪ್ರಯೋಗ: ಇಪ್ಪತ್ತೈದು ಎಂಎಲ್ ಕ್ಷಾರ ಫ್ಲಾಸ್ಕಿಗೆ ಹಾಕು, ಸೂಚಕದ ಎರಡು ಹನಿ ಸೇರಿಸಿ ಗುಲಾಬಿಯಾಗಿಸು, ಗೆರೆ ಹಾಕಿದ ಗಾಜಿನ ಕೊಳವೆಯಾದ ಬ್ಯೂರೆಟ್‌ನಿಂದ ಆಸಿಡ್ ಹನಿಹನಿಯಾಗಿ ಬಿಡು, ಗುಲಾಬಿ ಬಣ್ಣ ಮಾಯವಾದ ಹನಿಗೆ ನಲ್ಲಿ ಮುಚ್ಚಿ ಎಷ್ಟು ಖರ್ಚಾಯಿತೆಂದು ಓದು, ಅದರಿಂದ ಕ್ಷಾರದ ಮೊಲಾರಿಟಿ ಲೆಕ್ಕ ಹಾಕು. ಕ್ಷಾರವೂ ಪಾಯಿಂಟ್ ಒನ್, ಆಸಿಡ್ಡೂ ಪಾಯಿಂಟ್ ಒನ್. ಆಸಿಡ್ ಇಪ್ಪತ್ತೈದು ಎಂಎಲ್ಲೇ ಖರ್ಚಾಗಬೇಕು ಎಂಬುದು ಹಿಂದಿನ ಬ್ಯಾಚಿನಿಂದ ಮುಂದಿನ ಬ್ಯಾಚಿಗೆ ಕಿವಿಯಿಂದ ಕಿವಿಗೆ ಇಳಿದು ಬಂದಿತ್ತು.

ಆ ವರ್ಷ ಪರೀಕ್ಷೆಗೆ ಒಂದು ತಿಂಗಳು ಇರುವಾಗ ಬಿರಡೆಯಮ್ಮ ಹೋಗಿಬಿಟ್ಟಳು.

ಬೆಳಿಗ್ಗೆ ಸಿಂಕಿನ ಮುಂದೆ ನಿಂತು ಪಿಪೆಟ್ ತೊಳೆಯುತ್ತಿದ್ದವಳು, "ರೀ, ಎದೆ ಹಿಡಿದ ಹಾಗಾಗ್ತಿದೆ" ಎಂದಳು. ಕೈಲಿದ್ದ ಪಿಪೆಟ್ ಒಡೆಯದ ಹಾಗೆ ಸ್ಟ್ಯಾಂಡಿಗೆ ಇಟ್ಟು, ಆಮೇಲೆ ನೆಲಕ್ಕೆ ಕುಳಿತಳು. ಆಸ್ಪತ್ರೆಯ ಬಾಗಿಲು ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಡಾಕ್ಟರು ಏನೋ ಹೇಳಿದರು. ಮಾಮನಿಗೆ ಕೇಳಿಸಿದ್ದು ಒಂದೇ, ತನ್ನ ಕೈಯೊಳಗಿನ ಅವಳ ಕೈ ಇನ್ನೂ ಸೋಪು ನೀರಿನಿಂದ ಜಾರುತ್ತಿದೆ ಎಂಬುದು. ಕೇಳಿಸಿದ್ದಲ್ಲ, ಗೊತ್ತಾದದ್ದು. ಆ ದಿನ ಅವನಿಗೆ ಯಾವುದು ಕಿವಿ, ಯಾವುದು ಕೈ ಎಂಬುದೇ ತಿಳಿಯುತ್ತಿರಲಿಲ್ಲ ಬಿಡಿ.

ಪರೀಕ್ಷೆಯ ಹಿಂದಿನ ದಿನ ಹೆಡ್ ಸಾರ್ ಕೇಳಿದರು, "ಬೇರೆ ಯಾರನ್ನಾದ್ರೂ ಕರೆಸೋಣ್ವಾ?"

"ಬೇಡ ಸಾರ್. ಅವಳ ಡಬ್ಬಿ ಇದೆಯಲ್ಲ, ನಾನೇ ಮಾಡ್ತೀನಿ."

ಒಂದು ಲೀಟರ್ ಸುರಿದ. ಕೆಮ್ಮು ಬಂತು. ಅಭ್ಯಾಸ ನೋಡಿ, "ಹಾಕಿದೆ ಕಣೇ" ಎಂದು ಹೇಳಿ ಹೊರಗೆ ಹೋಗಿ ವರಾಂಡದಲ್ಲಿ ನಿಂತ. ಎಷ್ಟು ಹೊತ್ತು ನಿಂತನೋ. ಒಳಗಿನಿಂದ ಕೂಗು ಬರಲಿಲ್ಲ. ಬರುವುದಿಲ್ಲ ಎಂದು ಹೊಳೆದಾಗ ಕೆಮ್ಮು ನಿಂತು ಎಷ್ಟೋ ಹೊತ್ತಾಗಿತ್ತು. ಒಳಗೆ ಬಂದು, ಅವಳು ಮಾಡುತ್ತಿದ್ದಂತೆ ಬಾಗಿಲು ಹಾಕಿ, ಡಬ್ಬಿಯ ಮುಚ್ಚಳ ತೆಗೆದ. ಹತ್ತು ಬಿರಡೆ. ಒಂಬತ್ತು ತಿಳಿ ಬಣ್ಣದವು, ಒಂದು ಮಾತ್ರ ಕಪ್ಪಗೆ, ಒಂದು ಮಗ್ಗುಲು ಸುಟ್ಟದ್ದು.

ತಲೆ ಓಡಿಸಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಆದರೆ ಆ ಹೊತ್ತು ಅವನು ಲೆಕ್ಕ ಮಾಡಲು ಕುಳಿತವನಲ್ಲ, ಅವಳ ಕೈ ಮುಟ್ಟಿದ ವಸ್ತುವನ್ನು ಮುಟ್ಟಲು ಕುಳಿತವನು. ಅವಳ ಬಿರಡೆ ಎಷ್ಟೋ ಅಷ್ಟು ನೀರು. ಅದರಲ್ಲಿ ಯೋಚನೆಯೇನು? ಒಂದು ಲೀಟರ್ ಹೊಯ್ದು ಒಂದು ಬಿರಡೆ ಇಡುವುದು. "ಇದು ನಾಲ್ಕನೇದು ಕಣೇ," "ಇದು ಏಳನೇದು." ಹತ್ತನೆಯದು ಮುಗಿದಾಗ ಕ್ಯಾನು ಎಂದಿಗಿಂತ ಭಾರವಾಗಿತ್ತು. ತೋಳಿನಲ್ಲಿ ಶಕ್ತಿ ಉಡುಗಿದೆ ಎಂದುಕೊಂಡ. 0.1 ಎಂಬ ಚೀಟಿ ಅಂಟಿಸಿದ.

ಕ್ಷಾರವನ್ನು ತಾವೇ ತೂಗಿ ಮಾಡಿದ್ದ ಕಿರಿಯ ಮೇಡಂ ಬಾಗಿಲಲ್ಲಿ ನಿಂತು ಮೆತ್ತಗೆ ಕೇಳಿದರು, "ಮಾಮ, ಆಸಿಡ್ ಒಂದ್ಸಲ ಚೆಕ್ ಮಾಡ್ಲಾ?"

ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಹತ್ತೊಂಬತ್ತು ವರ್ಷ ಯಾರೂ ಚೆಕ್ ಮಾಡ್ಲಿಲ್ಲ ಮೇಡಂ. ಇವತ್ತು ಅವಳಿಲ್ಲ ಅಂತ ಚೆಕ್ ಮಾಡ್ತೀರಾ?"

ಮೇಡಂ ಪಾಪ ಅನಿಸಿ ಸುಮ್ಮನಾದರು. ಆ ಕನಿಕರವೊಂದು ಇಲ್ಲದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮರುದಿನ ಹದಿನಾರು ಜನ ಪರೀಕ್ಷೆಗೆ ಬಂದರು. ಅವರಲ್ಲಿ ಹಿಂದಿನ ಟೇಬಲ್ಲಿನ ಹುಡುಗಿಯ ವಿಷಯ ಹೇಳಬೇಕು. ಅವಳ ತಾಯಿ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುವವಳು. ಹುಡುಗಿ ತಾನು ಬಳಸಿದ ಗಾಜನ್ನು ತಾನೇ ತೊಳೆದಿಟ್ಟು ಹೋಗುತ್ತಿದ್ದಳು. ಇಡೀ ಕಾಲೇಜಿನಲ್ಲಿ ಅಂಥವಳು ಇವಳೊಬ್ಬಳೇ. ಅದಕ್ಕೇ ಬಿರಡೆಯಮ್ಮನಿಗೆ ಅವಳೆಂದರೆ ಜೀವ. "ಇವಳ ಕೈ ನೋಡಿ ರೀ, ಅಲ್ಲಾಡಲ್ಲ. ನನ್ನ ಕೈ ಥರಾನೇ" ಎನ್ನುತ್ತಿದ್ದಳು. ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ತರಬೇತಿಗೆ ಈ ಕೋರ್ಸಿನವರಿಗೆ ಒಂದೇ ಒಂದು ಜಾಗ ಇತ್ತು. ಥಿಯರಿಯಲ್ಲಿ ಅವಳೇ ಮೊದಲು. ಈ ಪ್ರಾಕ್ಟಿಕಲ್ ಪಾಸಾದ ಕಾಗದವನ್ನು ಹತ್ತು ದಿನದೊಳಗೆ ಕೊಟ್ಟರೆ ಜಾಗ ಅವಳದು. ಇದು ಮಾಮನಿಗೂ ಗೊತ್ತಿತ್ತು.

ಹನ್ನೊಂದು ಗಂಟೆಯ ಸುಮಾರಿಗೆ ಟೇಬಲ್ಲುಗಳ ನಡುವೆ ಪಿಸುಪಿಸು ಶುರುವಾಯಿತು. ಹುಡುಗರು ಬ್ಯೂರೆಟ್ ನೋಡುವುದು, ಪಕ್ಕದವನ ಮುಖ ನೋಡುವುದು. ಆಮೇಲೆ ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಬರೆದರು. ಇಪ್ಪತ್ತೈದು. ಇಪ್ಪತ್ತೈದು ಪಾಯಿಂಟ್ ಒಂದು. ಇಪ್ಪತ್ನಾಲ್ಕು ಪಾಯಿಂಟ್ ಒಂಬತ್ತು. ಹೊರಗಿನಿಂದ ಬಂದ ಪರೀಕ್ಷಕರು ಎಲ್ಲರ ಹಾಳೆಗೂ ಸರಿ ಗುರುತು ಎಳೆಯುತ್ತ ಹಿಂದಿನ ಟೇಬಲ್ಲಿಗೆ ಬಂದು ನಿಂತರು.

"ಏನಮ್ಮಾ ಇದು? ಮೂರು ಸಲವೂ ಇಪ್ಪತ್ತೇಳೂವರೆ?"

"ಹೌದು ಸರ್. ಬ್ಯೂರೆಟ್‌ನಲ್ಲಿ ಕಂಡದ್ದೇ ಬರೆದೆ."

"ಕ್ಷಾರ ಪಾಯಿಂಟ್ ಒನ್ ಒನ್ ಬಂತಾ ನಿಂಗೆ? ಇಡೀ ಬ್ಯಾಚಿಗೆ ಪಾಯಿಂಟ್ ಒನ್ ಬಂದಿದೆ. ಬಣ್ಣ ಹೋದ ಮೇಲೂ ಸುರೀತಾ ಇದ್ದೆ ಅಂತ ಕಾಣುತ್ತೆ. ನಿದ್ದೆ ಮಾಡ್ತಿದ್ದೆಯಾ?"

"ಇಲ್ಲ ಸರ್, ಒಂದೊಂದೇ ಹನಿ ಬಿಟ್ಟೆ."

"ಆಸ್ಪತ್ರೆ ಲ್ಯಾಬಲ್ಲಿ ಹಿಂಗೆ ಓದಿದ್ರೆ ರೋಗಿ ಗತಿ ಏನಮ್ಮಾ?"

ಮುಂದಿನ ಟೇಬಲ್ಲಿನಲ್ಲಿ ಯಾರೋ ಕಿಸಕ್ಕೆಂದರು. ಪರೀಕ್ಷಕರು ಹಾಳೆಯ ಮೇಲೆ ಅಡ್ಡಗೆರೆ ಎಳೆದರು. ಹದಿನೈದು ಜನ ಸುಳ್ಳು ಬರೆದು ಪಾಸಾದರು, ಒಬ್ಬಳು ನಿಜ ಬರೆದು ಫೇಲಾದಳು. ಮೆಟ್ಟಿಲಿಳಿಯುವಾಗಲೇ ಜೊತೆಯವರು ಅವಳಿಗೆ ಹೆಸರಿಟ್ಟರು: ಇಪ್ಪತ್ತೇಳೂವರೆ.

ಎಲ್ಲರೂ ಹೋದ ಮೇಲೆ ಮಾಮ ಬ್ಯೂರೆಟ್ ಖಾಲಿ ಮಾಡಲು ಬಂದ. ಮೊದಲನೆಯ ಟೇಬಲ್ಲಿನ ಬ್ಯೂರೆಟ್‌ನಲ್ಲಿ ಆಸಿಡ್ ಇಪ್ಪತ್ತೇಳೂವರೆಯ ಗೆರೆಗೆ ಇಳಿದು ನಿಂತಿತ್ತು. ಎರಡನೆಯದರಲ್ಲೂ. ಕನ್ನಡಕ ಒರೆಸಿ ಹಾಕಿಕೊಂಡು ಹದಿನಾರಕ್ಕೆ ಹದಿನಾರೂ ನೋಡಿದ. ಎಲ್ಲ ಒಂದೇ. ಹಾಳೆಯಲ್ಲಿ ಇಪ್ಪತ್ತೈದು, ಗಾಜಿನಲ್ಲಿ ಇಪ್ಪತ್ತೇಳೂವರೆ. ಬರೆದವರು ಹೋಗಿದ್ದರು, ಬ್ಯೂರೆಟ್‌ಗಳು ಮಾತ್ರ ಸುಳ್ಳು ಹೇಳಲು ಕಲಿಯದೆ ಸಾಲಾಗಿ ನಿಂತಿದ್ದವು.

ಅಲ್ಲೇ ಸ್ಟೂಲಿನ ಮೇಲೆ ಕುಸಿದ. ಲೆಕ್ಕ ಮಾಡಲು ಅವನಿಗೆ ಕಾಗದ ಬೇಕಿರಲಿಲ್ಲ. ಇಪ್ಪತ್ತೈದರ ಜಾಗದಲ್ಲಿ ಇಪ್ಪತ್ತೇಳೂವರೆ, ಅಂದರೆ ಹತ್ತರಲ್ಲೊಂದು ಪಾಲು ಜಾಸ್ತಿ ಖರ್ಚು. ಆಸಿಡ್ ಅಷ್ಟು ತೆಳುವಾಗಿದೆ. ಹತ್ತು ಬಿರಡೆ, ಹತ್ತು ಲೀಟರ್ ನೀರು, ತನ್ನದೊಂದು ಲೀಟರ್. ಒಟ್ಟು ಹನ್ನೊಂದು. ಪಾಯಿಂಟ್ ಒನ್ ಅಲ್ಲ, ಪಾಯಿಂಟ್ ಸೊನ್ನೆ ಒಂಬತ್ತು.

ಆಗ ಅವನಿಗೆ ಬಂದ ಯೋಚನೆ ಅವನ ಶತ್ರುವಿಗೂ ಬೇಡ. ಡಬ್ಬಿಯಲ್ಲಿ ಹತ್ತು ಬಿರಡೆ ಇದ್ದವು. ಅಂದರೆ ಅವಳು ಯಾವತ್ತೂ ಹತ್ತು ಲೀಟರ್ ನೀರು ಹೊಯ್ಯುತ್ತಿದ್ದಳೇ? ಹತ್ತೊಂಬತ್ತು ವರ್ಷ ಆಸಿಡ್ ತೆಳುವಾಗೇ ಇತ್ತೇ? ಹತ್ತೊಂಬತ್ತು ವರ್ಷದ ಹುಡುಗರೂ ಇವತ್ತಿನವರ ಹಾಗೆ ತಲೆ ತಗ್ಗಿಸಿ ಇಪ್ಪತ್ತೈದು ಬರೆದು ಹೋದರೇ? ಹಾಗಾದರೆ ಆ ಹೆಸರು, ಆ ಹೊಗಳಿಕೆ, ಅವಳು ಬಾಗಿಲು ಹಾಕಿಕೊಂಡು ಪಟ್ಟ ಶ್ರದ್ಧೆ, ಎಲ್ಲ ನೀರಲ್ಲಿ ಹೋಮವೇ?

ನಾಳೆ ಬಾಯಿಬಿಟ್ಟರೆ ಜನ ಏನೆನ್ನುತ್ತಾರೆ ಎಂಬುದು ಅವನಿಗೆ ಈಗಲೇ ಕೇಳಿಸುತ್ತಿತ್ತು. ಓದು ಬರಹ ಇಲ್ಲದವಳ ಕೈಗೆ ಕೆಲಸ ಕೊಟ್ಟರೆ ಇನ್ನೇನಾಗುತ್ತೆ. ಸತ್ತವಳು ಎದ್ದು ಬಂದು ಉತ್ತರ ಕೊಡುತ್ತಾಳೆಯೇ? ಅವಳು ಈ ಲೋಕದಲ್ಲಿ ಬಿಟ್ಟುಹೋಗಿದ್ದು ಒಬ್ಬ ಮಗಳು, ಒಂದು ಒಳ್ಳೇ ಹೆಸರು. ಮಾಮ ಎದ್ದ. ಹದಿನಾರು ಬ್ಯೂರೆಟ್‌ಗಳ ನಲ್ಲಿಯನ್ನು ಒಂದೊಂದಾಗಿ ತಿರುಗಿಸಿ ಎಲ್ಲವನ್ನೂ ಖಾಲಿ ಮಾಡಿದ. ಕ್ಯಾನಿನಲ್ಲಿ ಉಳಿದದ್ದನ್ನೂ ಸಿಂಕಿಗೆ ಸುರಿದು, ಮೇಲೆ ಧಾರಾಳವಾಗಿ ನೀರು ಬಿಟ್ಟ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದ.

ಮಾರನೆಯ ದಿನ ಹುಡುಗಿ ಹೆಡ್ ಸಾರ್ ಮುಂದೆ ಬಂದು ನಿಂತಳು. ಕಣ್ಣು ಊದಿಕೊಂಡಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು. "ಸರ್, ನಾನು ಇನ್ನೊಂದ್ಸಲ ಮಾಡಿ ತೋರಿಸ್ತೀನಿ. ಅದೇ ಆಸಿಡ್ ಕೊಡಿ. ನೀವೇ ಪಕ್ಕದಲ್ಲಿ ನಿಂತು ನೋಡಿ."

ಹೆಡ್ ಸಾರ್ ಕೆಟ್ಟವರಲ್ಲ. ಮಾಮನನ್ನು ಕರೆದು ಕೇಳಿದರು. "ನಿನ್ನೆಯದು ಉಳಿದಿದೆಯೇನಯ್ಯಾ?"

"ಇಲ್ಲ ಸಾರ್. ಚೆಲ್ಲಿಬಿಟ್ಟೆ."

"ಅಳತೆಯಲ್ಲಿ ಏನಾದ್ರೂ ಹೆಚ್ಚುಕಮ್ಮಿ?"

ಹುಡುಗಿ ಅವನನ್ನೇ ನೋಡುತ್ತಿದ್ದಳು. ತನ್ನ ಪರವಾಗಿ ಮಾತಾಡುವವನು ಈ ಕೋಣೆಯಲ್ಲಿ ಒಬ್ಬನಿದ್ದರೆ ಅದು ಇವನೇ ಎಂಬ ನಂಬಿಕೆ ಆ ನೋಟದಲ್ಲಿತ್ತು.

"ಪಾಯಿಂಟ್ ಒನ್ನೇ ಸಾರ್," ಎಂದ ಅವನು, ನೆಲ ನೋಡುತ್ತ. "ಅವಳ ಲೆಕ್ಕದಂತೇ ಮಾಡಿದ್ದು."

"ಕೇಳಿದ್ಯಲ್ಲಮ್ಮಾ," ಎಂದರು ಹೆಡ್ ಸಾರ್. ಹುಡುಗಿ ಹ್ಞೂಂ ಎಂದಳು. ಹೋಗುವಾಗ ತನ್ನ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು.

ಆ ಮೇಲಿನ ದಿನಗಳಲ್ಲಿ ಮಾಮ ಊಟವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಹೆಂಡತಿಯ ಮಾನ ಉಳಿಸಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆದರೆ ಅವಳ ಫೋಟೋ ಕಡೆ ನೋಡಲು ಧೈರ್ಯ ಬರುತ್ತಿರಲಿಲ್ಲ. ಯಾಕೆಂದರೆ ಅವಳ ಮಾನ ಕಾಯುತ್ತಿರುವವನೇ ಅವಳನ್ನು ಒಳಗೊಳಗೆ ಅನುಮಾನಿಸುತ್ತಿದ್ದ. ಎರಡೂ ಕಡೆ ಕಳ್ಳ. ಹತ್ತನೆಯ ದಿನ ಆಸ್ಪತ್ರೆಯ ಜಾಗ, ಇಪ್ಪತ್ತೈದು ಪಾಯಿಂಟ್ ಸೊನ್ನೆ ಎಂದು ಬರೆದಿದ್ದ ಹುಡುಗನಿಗೆ ಹೋಯಿತೆಂದು ಸುದ್ದಿ ಬಂತು.

ಹನ್ನೊಂದನೆಯ ದಿನ ಮಗಳು ಬಂದಳು. ಮದುವೆಯಾಗಿ ಬೇರೆ ಊರಿನಲ್ಲಿದ್ದವಳು, ಅಮ್ಮನ ಬಟ್ಟೆಬರೆ ವಿಂಗಡಿಸಲು ಎರಡು ದಿನ ರಜೆ ಹಾಕಿ ಬಂದಿದ್ದಳು. ಬೀರುವಿನ ತಳದಲ್ಲಿ, ಮಡಿಸಿದ ಏಪ್ರನ್ ಹಿಂದೆ ಬಚ್ಚಿಟ್ಟಿದ್ದ ಡಬ್ಬಿ ಅವಳ ಕೈಗೆ ಸಿಕ್ಕಿತು.

"ಅಯ್ಯೋ, ಅಮ್ಮನ ಬಿರಡೆ!" ಎಂದು ನೆಲದ ಮೇಲೇ ಕುಳಿತು ಎಲ್ಲವನ್ನೂ ಹೊರಗೆ ಸುರಿದಳು. ಬೆರಳಿನಿಂದ ಕೆದಕಿ, ಸುಟ್ಟ ಬಿರಡೆಯನ್ನು ಹುಡುಕಿ ತೆಗೆದು, ನಕ್ಕಳು. "ಅಪ್ಪಾ, ನಿಂದು ಇನ್ನೂ ಇದೆ ನೋಡು."

"ನಂದಾ? ಏನೇ ಅದು ನಂದು?"

"ನಿಂಗೆ ಗೊತ್ತಿಲ್ವಾ? ಸ್ಕೂಲಿಗೆ ರಜೆ ಇದ್ದಾಗ ನಾನು ಅಮ್ಮನ ಜೊತೆ ಒಳಗೆ ಕೂತಿರ್ತಿದ್ನಲ್ಲ. ನೀನು ಆಸಿಡ್ ಸುರಿದು ಕೆಮ್ಕೊಂಡು ಆಚೆ ಹೋದ ತಕ್ಷಣ ಅಮ್ಮ ಬಾಗಿಲು ಹಾಕಿ, ನೀರು ಮುಟ್ಟೋಕೂ ಮೊದಲು ಇದನ್ನ ಇಡ್ತಿದ್ಲು. 'ಇದು ನಿಮ್ಮಪ್ಪಂದು. ಆಸಿಡ್ ಕುಡಿದು ಅವರ ಹಾಗೇ ಕಪ್ಪಾಗಿದೆ' ಅಂತ ನಗೋಳು. 'ಇನ್ನು ಒಂಬತ್ತು ನಂದು' ಅನ್ನೋಳು. 'ಅವರನ್ನ ಲೆಕ್ಕಕ್ಕೆ ಹಿಡೀದೆ ಇದ್ರೆ ಕೋಪ ಬರುತ್ತೆ ಕಣೇ ಅವರಿಗೆ' ಅಂತ."

ಮಾಮ ಬಿರಡೆಯನ್ನು ಅಂಗೈಯಲ್ಲಿ ಹಿಡಿದು ನೋಡಿದ. ನನ್ನನ್ನೂ ಲೆಕ್ಕಕ್ಕೆ ಹಿಡಿ, ನಾನೇನು ಹೊರಗಿನವನಾ? ಹತ್ತೊಂಬತ್ತು ವರ್ಷದ ಹಿಂದೆ ಕೆಮ್ಮಿನ ನಡುವೆ ಆಡಿ ಮರೆತ ಮಾತು. ಅವಳು ಮರೆತಿರಲಿಲ್ಲ. ಪ್ರತಿ ಸಲವೂ ಮೊದಲು ಅವನನ್ನು ಇಟ್ಟು, ಆಮೇಲೆ ತನ್ನದನ್ನು ಎಣಿಸಿದ್ದಳು. ಅವಳ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ. ತಪ್ಪಿದ್ದು ಇವನು. ತಪ್ಪನ್ನು ಅವಳ ತಲೆಗೆ ಕಟ್ಟಿದ್ದು ಇವನು. ಅದನ್ನು ಮುಚ್ಚಲು ಒಂದು ಹುಡುಗಿಯ ಬದುಕನ್ನು ಸಿಂಕಿಗೆ ಸುರಿದದ್ದೂ ಇವನೇ.

"ಅಪ್ಪಾ? ಯಾಕಪ್ಪಾ? ಅಪ್ಪಾ!"

ಹೆಂಡತಿ ಹೋದ ದಿನ ಅಳದ ಮನುಷ್ಯ ಆ ದಿನ ಮಗಳ ಮಡಿಲಲ್ಲಿ ತಲೆಯಿಟ್ಟು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅಳುತ್ತಲೇ ಎಲ್ಲವನ್ನೂ ಹೇಳಿದ. ಮಗಳು ಕೇಳಿಸಿಕೊಂಡಳು, ಬೈಯಲಿಲ್ಲ. "ನಾಳೆ ಬೆಳಿಗ್ಗೆ ಹೋಗಿ ಹೇಳು," ಎಂದಳು ಅಷ್ಟೇ.

ಹೆಡ್ ಸಾರ್ ಕೇಳಿದ ಕೂಡಲೇ ಟೇಬಲ್ ಗುದ್ದಿದರು. "ಅವತ್ತೇ ಹೇಳಿದ್ರೆ ಹತ್ತು ನಿಮಿಷದ ಕೆಲಸ ಕಣಯ್ಯಾ ಅದು! ಹತ್ತು ನಿಮಿಷ! ಬ್ಯೂರೆಟ್ ತೋರಿಸಿದ್ರೆ ಸಾಕಿತ್ತು!" ಕಿರಿಯ ಮೇಡಂ ಹನ್ನೊಂದು ಲೀಟರಿನ ಲೆಕ್ಕದಲ್ಲಿ ಸ್ವಲ್ಪ ಆಸಿಡ್ ಮಾಡಿ, ತಮ್ಮ ಕ್ಷಾರಕ್ಕೆ ಬಿಟ್ಟು ನೋಡಿದರು. ಇಪ್ಪತ್ತೇಳೂವರೆ. ಮೇಡಂ ಕಣ್ಣು ಒರೆಸಿಕೊಂಡು ಕಿಟಕಿ ಕಡೆ ತಿರುಗಿದರು. ಪರೀಕ್ಷಕರಿಗೆ ಪತ್ರ ಹೋಯಿತು, ಫೋನು ಹೋಯಿತು, ಸಂಜೆಯೊಳಗೆ ಹುಡುಗಿ ಪಾಸೆಂದು ಕಾಗದವೂ ಬಂತು. ಉಳಿದ ಹದಿನೈದು ಜನರ ಮಾತು ಯಾರೂ ಎತ್ತಲಿಲ್ಲ. ಎತ್ತಿದರೆ ಇಡೀ ಕಾಲೇಜಿನ ಮುಖಕ್ಕೆ ಮಸಿ, ಯಾರಿಗೆ ಬೇಕು ಹೇಳಿ. ಆಸ್ಪತ್ರೆಯವರು ಜಾಗ ಭರ್ತಿಯಾಯಿತು, ನಾವೇನು ಮಾಡೋಣ ಎಂದು ಕೈಯೆತ್ತಿದರು. ಆಸಿಡ್ ಬೀರುವಿನ ಬೀಗದ ಕೈಯನ್ನು ಹೆಡ್ ಸಾರ್ ಮಾಮನಿಂದ ವಾಪಸ್ ತೆಗೆದುಕೊಂಡರು. ಇನ್ನು ಮೇಲೆ ಅವನ ಕೆಲಸ ಸಿಂಕಿನ ಮುಂದೆ ಗಾಜು ತೊಳೆಯುವುದು.

ಕಾಗದವನ್ನು ತಾನೇ ಕೊಡುತ್ತೇನೆಂದು ಮಾಮ ಬೇಡಿಕೊಂಡ. ಮರುದಿನ ವಿಳಾಸ ಹಿಡಿದು ಹೋದರೆ, ಹುಡುಗಿ ತಾಯಿಯ ಲಾಂಡ್ರಿಯಲ್ಲೇ ಇದ್ದಾಳೆಂದು ತಿಳಿಯಿತು. ಮುಂದೆ ಇಸ್ತ್ರಿಯ ಟೇಬಲ್ಲುಗಳು, ಹಿಂದೆ ಒದ್ದೆ ನೆಲದ ಉದ್ದನೆಯ ಕೋಣೆ, ಗೋಡೆಗುಂಟ ನೀಲಿ ಟಬ್ಬುಗಳು. ಹುಡುಗಿ ಬಗ್ಗಿ ಟಬ್ಬಿಗೆ ಒಂದು ಮಗ್ ಬ್ಲೀಚು ಸುರಿದು, ನೀರು ಹೊಯ್ಯಲು ಶುರು ಮಾಡಿದ್ದಳು.

"ಒಂದು. ಎರಡು."

ಮಾಮ ಬಾಗಿಲಲ್ಲೇ ನಿಂತ. ಎಣಿಸುವವರನ್ನು ಮಾತಾಡಿಸಬಾರದೆಂದು ಅವನಿಗೆ ಗೊತ್ತಿತ್ತು. ಒಂಬತ್ತಕ್ಕೆ ಅವಳು ಮಗ್ ಕೆಳಗಿಟ್ಟು ತಲೆಯೆತ್ತಿದಳು.

"ಮಾಮ? ನೀವಿಲ್ಲಿ?"

ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದ. ಬಿರಡೆ, ಹತ್ತು ಲೀಟರು, ಸಿಂಕು, ಮಗಳು. ಕಾಗದ ಚಾಚಿದ. ಅವಳು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಓದಿದಳು. ಇನ್ನೊಮ್ಮೆ ಓದಿದಳು.

"ನಿಮಗೆ ಯಾವತ್ತು ಗೊತ್ತಾಯ್ತು ಮಾಮ?"

ಮೊನ್ನೆ ಮಗಳು ಹೇಳಿದಾಗ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಅವತ್ತೇ ಮಗು. ನೀವೆಲ್ಲ ಮೆಟ್ಟಿಲಿಳಿದು ಹೋದ ಮೇಲೆ."

"ಮಾರನೇ ದಿನ ನಾನು ಬಂದು ಅದೇ ಆಸಿಡ್ ಕೊಡಿ ಅಂದಾಗ?"

"ಗೊತ್ತಿತ್ತು."

ಮುಂದಿನ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಓಡಾಡುವ ಸದ್ದು ಕೇಳುತ್ತಿತ್ತು.

"ಬಿರಡೆಯಮ್ಮನ ಲೆಕ್ಕದಂತೇ ಮಾಡಿದ್ದು ಅಂದ್ರಲ್ಲ ನೀವು," ಎಂದಳು. "ಆ ಅಮ್ಮನ ಲೆಕ್ಕ ತಪ್ಪಲ್ಲ. ಅಂದ್ಮೇಲೆ ನನ್ನ ಕೈಯೇ ಸರಿಯಿಲ್ಲ ಅಂದ್ಕೊಂಡೆ. ಮನೇಲಿ ಲೋಟ ತುಂಬ ನೀರು ಹಿಡಿದು ನಿಂತು, ಕೈ ನಡುಗುತ್ತಾ ಅಂತ ನೋಡ್ಕೋತಿದ್ದೆ. ದಿನಾ ನೋಡ್ಕೊಂಡೆ. ಮೊದಮೊದಲು ನಡುಗ್ತಿರಲಿಲ್ಲ ಮಾಮ."

ಬಲಗೈ ಮುಂದೆ ಚಾಚಿದಳು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಮಾಮ ಆ ಕೈಯನ್ನು ಹಿಡಿಯಲು ಹೋಗಿ, ಯಾವ ಮುಖವಿಟ್ಟುಕೊಂಡು ಹಿಡಿಯಲಿ ಎಂದು ನಿಂತುಬಿಟ್ಟ.

"ಮುಂದಿನ ವರ್ಷ ಜಾಗ ಖಾಲಿಯಾಗುತ್ತಂತೆ ಮಗು, ಹೆಡ್ ಸಾರ್ ಹೇಳಿದ್ರು..."

ಅವಳು ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡು, ಪಕ್ಕದ ಟಬ್ಬಿಗೆ ಹೋದಳು. ಬ್ಲೀಚು ಸುರಿದು ಮಗ್ ಎತ್ತಿಕೊಂಡಳು. ಒಂದು ಎಂದಳು. ಮಾಮ ಬಾಯಿ ಮುಚ್ಚಿಕೊಂಡು ಬಾಗಿಲಲ್ಲಿ ಕಾದ. ಒಂಬತ್ತಾಯಿತು. ಅವಳು ಈ ಕಡೆ ತಿರುಗಲಿಲ್ಲ, ಮುಂದಿನ ಟಬ್ಬಿಗೆ ಹೋಗಿ ಮತ್ತೆ ಒಂದರಿಂದ ಎಣಿಸತೊಡಗಿದಳು.